ಹಬ್ಬದ ಡಬ್ಬಿಯೊಳಗಿನ ನೀರು

ಹಬ್ಬದ ತಿಂಡಿಗಳಲ್ಲಿ ಎರಡು ಜಾತಿ. ಹಬ್ಬದ ದಿನವೇ ಒಲೆಯಿಂದ ಇಳಿದು ಅಂದೇ ಮುಗಿಯಬೇಕಾದವು ಕೆಲವು. ವಾರಗಳ ಮೊದಲೇ ತಯಾರಾಗಿ ಡಬ್ಬಿ ಸೇರುವವು ಇನ್ನು ಕೆಲವು. ಮಂಗಳೂರು ಸೀಮೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರ್ ತಯಾರಿ ಡಿಸೆಂಬರ್ ನಡುವಿಗಾಗಲೇ ಶುರುವಾಗಿರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಜೊತೆಗೆ ಒಣಹಣ್ಣಿನ ಕೇಕು, ಎಲ್ಲವೂ ಮುಂಚಿತವಾಗಿಯೇ ಆಗಬೇಕು. ಆದರೆ ಅದೇ ಮನೆಯ ಸನ್ನ ಮತ್ತು ಮಾಂಸದ ಸಾರು ಹಬ್ಬದ ದಿನಕ್ಕೇ ಮೀಸಲು. ಜರ್ಮನಿಯ ಡ್ರೆಸ್ಡೆನ್ ನಗರದವರು ಶ್ಟೋಲೆನ್ ಎಂಬ ಹಣ್ಣಿನ ರೊಟ್ಟಿಯನ್ನು ಕ್ರಿಸ್‌ಮಸ್ಸಿಗೆ ಎರಡು ಮೂರು ವಾರ ಮೊದಲೇ ಬೇಯಿಸಿ ಎತ್ತಿಡುತ್ತಾರೆ, ಬಾತುಕೋಳಿಯನ್ನು ಮಾತ್ರ ಹಬ್ಬದ ದಿನ ಒಲೆಗೆ ಇಡುತ್ತಾರೆ. ಇಂಗ್ಲೆಂಡಿನ ಕ್ರಿಸ್‌ಮಸ್ ಪುಡಿಂಗಿಗೆ ಒಂದು ತಿಂಗಳ ಹಿಂದಿನ ಭಾನುವಾರವೇ ನಿಗದಿಯಾಗಿದೆ. ಇದನ್ನೆಲ್ಲ ಸಂಪ್ರದಾಯ ಎಂದು ಕರೆದು ಸುಮ್ಮನಾಗಬಹುದು. ಆದರೆ ಯಾವ ತಿಂಡಿ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಸಂಪ್ರದಾಯವಲ್ಲ, ಆ ತಿಂಡಿಯೊಳಗಿನ ನೀರಿನ ಸ್ಥಿತಿ ಎಂಬುದು ನನ್ನ ವಾದ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ನೆಂಟರು ಸ್ನೇಹಿತರು ಒಟ್ಟು ಕೂತು ತಿಂಡಿ ಮಾಡುವ ಪದ್ಧತಿಗೇ ಈ ನೀರು ಅವಕಾಶ ಮಾಡಿಕೊಟ್ಟಿದೆ ಎನ್ನುತ್ತೇನೆ.

ತಿಂಡಿ ಕೆಡುವುದು ನೀರಿನಿಂದ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ನೀರಿದ್ದರೆ ಕೆಡುತ್ತದೆ ಎಂಬ ಪ್ರಶ್ನೆಗೆ ಮಾತ್ರ ಬಹುಕಾಲ ಸರಿಯಾದ ಉತ್ತರವಿರಲಿಲ್ಲ, ಏಕೆಂದರೆ ಪ್ರಶ್ನೆಯೇ ಸರಿಯಿರಲಿಲ್ಲ. ಒಣದ್ರಾಕ್ಷಿಯಲ್ಲಿ ನೂರಕ್ಕೆ ಹದಿನೈದರಷ್ಟು ನೀರಿದ್ದರೂ ಅದು ತಿಂಗಳುಗಟ್ಟಲೆ ಕೆಡದು. ನೆಲಗಡಲೆಯಲ್ಲಿ ಹದಿನೈದರಷ್ಟು ನೀರಿದ್ದರೆ ಬೂಷ್ಟು ಹಿಡಿದು ಹಾಳಾಗುತ್ತದೆ. ನೀರಿನ ಪ್ರಮಾಣ ಒಂದೇ ಆದರೂ ಫಲ ಬೇರೆ ಬೇರೆ. ಮದುವೆ ಮನೆಯ ತುಂಬ ಜನರಿದ್ದರೂ ಕರೆದ ಕೂಡಲೇ ಕೆಲಸಕ್ಕೆ ಬರುವವರು ಕೆಲವರೇ, ಉಳಿದವರೆಲ್ಲ ಒಂದಲ್ಲ ಒಂದು ಕಡೆ ತೊಡಗಿಕೊಂಡಿರುತ್ತಾರೆ. ತಿಂಡಿಯೊಳಗಿನ ನೀರಿನ ಕಥೆಯೂ ಅಷ್ಟೆ: ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಸೂಕ್ಷ್ಮಜೀವಿಯ ಕೈಗೆ ಎಷ್ಟು ಸಿಗುತ್ತದೆ ಎನ್ನುವುದು ಮುಖ್ಯ. ಇದನ್ನು ಅಳೆಯುವ ಸಂಖ್ಯೆಗೆ ನೀರಿನ ಸಕ್ರಿಯತೆ ಎಂದು ಹೆಸರು. ಆಹಾರದಿಂದ ಹೊಮ್ಮುವ ನೀರಾವಿಯ ಒತ್ತಡವನ್ನು, ಅಷ್ಟೇ ಉಷ್ಣತೆಯ ಶುದ್ಧ ನೀರಿನ ಆವಿಯ ಒತ್ತಡದಿಂದ ಭಾಗಿಸಿದರೆ ಅದು ಸಿಗುತ್ತದೆ. ಶುದ್ಧ ನೀರಿಗೆ 1, ಪೂರ್ತಿ ಒಣಗಿದ ವಸ್ತುವಿಗೆ 0. ಈ ಸಂಖ್ಯೆಗೂ ಸೂಕ್ಷ್ಮಜೀವಿಗಳ ಬೆಳವಣಿಗೆಗೂ ಇರುವ ನಂಟನ್ನು 1950ರ ದಶಕದಲ್ಲಿ ಖಚಿತವಾಗಿ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್. ಬಹುತೇಕ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಹಟಮಾರಿಯಾದ ಸ್ಟೆಫೈಲೊಕಾಕಸ್ ಆರಿಯಸ್ ಸುಮಾರು 0.86ರವರೆಗೂ ಸಹಿಸಿಕೊಳ್ಳುತ್ತದೆ. ಸಾಮಾನ್ಯ ಬೂಷ್ಟುಗಳು 0.80ರ ಆಸುಪಾಸಿನಲ್ಲಿ ಕೈಚೆಲ್ಲುತ್ತವೆ. ಒಣ ಜಾಗವನ್ನೇ ಇಷ್ಟಪಡುವ ಬೆರಳೆಣಿಕೆಯ ಶಿಲೀಂಧ್ರಗಳು ಮಾತ್ರ 0.61ರ ಹತ್ತಿರದವರೆಗೂ ಬರಬಲ್ಲವು, ಅದೂ ತೀರಾ ನಿಧಾನವಾಗಿ. ಅಮೆರಿಕದ ಆಹಾರ ಸುರಕ್ಷತಾ ನಿಯಮಗಳು 0.85 ಎಂಬ ಗೆರೆ ಎಳೆದಿರುವುದು ಈ ಲೆಕ್ಕದ ಮೇಲೆಯೇ.

ಈ ಸಂಖ್ಯೆಯನ್ನು ಇಳಿಸಲು ಅಡುಗೆಮನೆಗೆ ಇರುವ ದಾರಿ ಎರಡು: ನೀರನ್ನು ಓಡಿಸುವುದು, ಇಲ್ಲವೇ ಕಟ್ಟಿಹಾಕುವುದು. ಕರಿಯುವುದು ಮೊದಲನೆಯ ದಾರಿ. 170–180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯಲ್ಲಿ ಚಕ್ಕುಲಿ ಬುರುಬುರು ಎನ್ನುವುದು ಅದರ ನೀರು ಆವಿಯಾಗಿ ಹೊರಡುವ ಸದ್ದು. ಆ ಸದ್ದು ಅಡಗಿತೆಂದರೆ ಬಾಳಿಕೆಗೆ ಬೇಕಾದ ಕೆಲಸ ಮುಗಿದಂತೆ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ಹಂಚಿನ ಮೇಲೆ ಮಾಡುವುದೂ ಇದನ್ನೇ. ಕಟ್ಟಿಹಾಕುವ ದಾರಿ ಸಕ್ಕರೆಯದು. ಕರಗಿದ ವಸ್ತುವಿನ ಕಣಗಳು ಎಷ್ಟು ಹೆಚ್ಚೋ ದ್ರಾವಣದ ಆವಿಯ ಒತ್ತಡ ಅಷ್ಟು ಕಡಿಮೆ ಎಂದು ಫ್ರಾನ್ಸಿನ ರೌಲ್ಟ್ 1880ರ ದಶಕದಲ್ಲಿ ತೋರಿಸಿದ್ದ. ಇಲ್ಲಿ ತೂಕಕ್ಕಿಂತ ಕಣಗಳ ಎಣಿಕೆ ಮುಖ್ಯ. ಸಾಮಾನ್ಯ ಸಕ್ಕರೆಯ ಅಣುಭಾರ 342, ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳದು 180. ಹಾಗಾಗಿ ಒಂದೇ ತೂಕದಲ್ಲಿ ಇವುಗಳ ಕಣಗಳು ಹೆಚ್ಚೂಕಡಿಮೆ ಇಮ್ಮಡಿ. ಕೋಣೆಯ ಉಷ್ಣತೆಯಲ್ಲಿ ನೀರಿಗೆ ಕರಗುವಷ್ಟೂ ಸಕ್ಕರೆ ಸುರಿದರೆ ಸಕ್ರಿಯತೆ 0.85ರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಅಂದರೆ ಬ್ಯಾಕ್ಟೀರಿಯಾಗಳನ್ನು ತಡೆದೀತು, ಬೂಷ್ಟನ್ನಲ್ಲ. ಜೇನಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತುಂಬಿರುವುದರಿಂದ ಅದು 0.6ಕ್ಕೂ ಕೆಳಗಿಳಿಯಬಲ್ಲದು. ಒಣದ್ರಾಕ್ಷಿ, ಅಂಜೂರಗಳ ಸಕ್ಕರೆಯೂ ಇದೇ ಜಾತಿಯದು. ಹಬ್ಬದ ಕೇಕಿಗೆ ಒಣಹಣ್ಣನ್ನು ಬರಿಯ ರುಚಿಗೆ ಹಾಕುತ್ತಾರೆಂದು ಭಾವಿಸಿದವರು ಇಲ್ಲಿ ಗಮನಿಸಬೇಕು: ಸಾಮಾನ್ಯ ಬ್ರೆಡ್ಡಿನ ಸಕ್ರಿಯತೆ ಸುಮಾರು 0.95 ಇದ್ದರೆ, ಹಣ್ಣು ದಂಡಿಯಾಗಿರುವ ಸಾಂದ್ರ ಕೇಕಿನದು ಸುಮಾರಾಗಿ 0.75ರಿಂದ 0.85ರ ನಡುವೆ. ಬ್ರೆಡ್ಡಿನ ಆಯುಸ್ಸು ದಿನಗಳ ಲೆಕ್ಕದ್ದು, ಕೇಕಿನದು ತಿಂಗಳ ಲೆಕ್ಕದ್ದು ಆಗುವುದು ಈ ಅಂತರದಲ್ಲಿ.

ಇದಕ್ಕೆ ಸಹಜವಾಗಿಯೇ ಒಂದು ಆಕ್ಷೇಪ ಬರುತ್ತದೆ. ಸಕ್ಕರೆ, ಬೆಣ್ಣೆ, ಒಣಹಣ್ಣು, ಮಸಾಲೆ ಇವೆಲ್ಲ ಹಿಂದೆ ದುಬಾರಿ ವಸ್ತುಗಳು. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಜನ ಕೈಬಿಚ್ಚಿ ಬಳಸಿದರು, ತಿಂಡಿ ಬಾಳಿಕೆ ಬಂದದ್ದು ಆಕಸ್ಮಿಕ ಎನ್ನಬಹುದಲ್ಲ? ಅದ್ದೂರಿಯೇ ಕಾರಣವಾಗಿದ್ದರೆ ಅದ್ದೂರಿಯ ತಿಂಡಿಗಳೆಲ್ಲವೂ ಮುಂಚಿತವಾಗಿ ತಯಾರಾಗಬೇಕಿತ್ತು. ಹಾಗೆ ಆಗಿಲ್ಲ. ಗೋಡಂಬಿ, ದ್ರಾಕ್ಷಿ, ಕೇಸರಿ, ಗಟ್ಟಿ ಹಾಲು ಬಿದ್ದ ಪಾಯಸಕ್ಕಿಂತ ಅದ್ದೂರಿಯ ಪದಾರ್ಥ ಬೇಕೆ? ಅದನ್ನು ಯಾರೂ ಹಿಂದಿನ ವಾರ ಮಾಡಿಡುವುದಿಲ್ಲ. ಇನ್ನೂ ಒಳ್ಳೆಯ ಸಾಕ್ಷಿ ಹೋಳಿಗೆಯದು. ಬೇಳೆ ಹೋಳಿಗೆ ಒಂದೆರಡು ದಿನಕ್ಕೆ ಹಳಸುತ್ತದೆ, ಏಕೆಂದರೆ ಬೆಂದ ಬೇಳೆ ನೀರನ್ನು ಹೊತ್ತುಕೊಂಡೇ ಹೂರಣವಾಗುತ್ತದೆ, ಹಾಕಿದ ಬೆಲ್ಲ ಅಷ್ಟೂ ನೀರನ್ನು ಕಟ್ಟಲಾರದು. ಕಾಯಿ ಹೋಳಿಗೆ ಹೂರಣವನ್ನು ಬಾಡಿಸಿದಷ್ಟು ಹೆಚ್ಚು ದಿನ ತಡೆಯುತ್ತದೆ. ಹುರಿದ ಶೇಂಗಾದ ಪುಡಿಗೆ ಬೆಲ್ಲ ಕುಟ್ಟಿ ತುಂಬಿದ ಶೇಂಗಾ ಹೋಳಿಗೆ ಹದಿನೈದು ದಿನವಾದರೂ ಜಗ್ಗದು. ಅದಕ್ಕೇ ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿ, ಎಳ್ಳಮಾವಾಸ್ಯೆಗೆ ಮುಂಚೆಯೇ ತಯಾರಾಗುವುದು, ಊರಿಗೆ ಬಂದವರ ಚೀಲ ಸೇರುವುದು ಶೇಂಗಾ ಹೋಳಿಗೆಯೇ ಹೊರತು ಬೇಳೆಯದಲ್ಲ. ಹೆಸರು ಒಂದು, ಮಾಡುವ ಕೈ ಒಂದು, ಸಿಹಿ ಒಂದು, ಬೆಲೆಯಲ್ಲೂ ದೊಡ್ಡ ಅಂತರವಿಲ್ಲ. ಬದಲಾದದ್ದು ನೀರು ಮಾತ್ರ. ಪ್ರಯೋಗಶಾಲೆಯಲ್ಲೂ ಇಷ್ಟು ಚೊಕ್ಕವಾದ ಹೋಲಿಕೆ ಸುಲಭಕ್ಕೆ ದಕ್ಕುವುದಿಲ್ಲ.

ಕೆಡದಿರುವುದು ಬೇರೆ, ತಿನ್ನಲು ಹಿತವಾಗಿ ಉಳಿಯುವುದು ಬೇರೆ. ಈ ಎರಡನೆಯದಕ್ಕೆ ಡ್ರೆಸ್ಡೆನ್ ಶ್ಟೋಲೆನ್‌ನ ಇತಿಹಾಸ ಒಳ್ಳೆಯ ಪಾಠ. ಆ ನಗರದ ಕ್ರಿಸ್‌ಮಸ್ ಸಂತೆ 1434ರಷ್ಟು ಹಳೆಯದು. ಆದರೆ ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳು ಆಗ ಚರ್ಚಿನ ಲೆಕ್ಕದಲ್ಲಿ ಉಪವಾಸದ ಕಾಲ. ಬೆಣ್ಣೆ ನಿಷಿದ್ಧ. ಹಿಟ್ಟು, ನೀರು, ಯೀಸ್ಟ್, ಎಣ್ಣೆ ಇಷ್ಟರಲ್ಲೇ ಮಾಡಿಕೊಳ್ಳಬೇಕಿತ್ತು. ಸ್ಯಾಕ್ಸನಿಯ ಅರಸರು ಪೋಪರಿಗೆ ಮೊರೆಯಿಟ್ಟು, 1491ರಲ್ಲಿ ಬಂದ ಅನುಮತಿ ಪತ್ರದ ಬಳಿಕವೇ ಅಲ್ಲಿ ಬೆಣ್ಣೆ ಬಳಕೆಗೆ ದಾರಿಯಾಯಿತು. ಧರ್ಮಪೀಠದ ಅಪ್ಪಣೆಯಿಂದ ಒಂದು ತಿಂಡಿಯ ರಸಾಯನವೇ ಬದಲಾದ ಇಂಥ ಪ್ರಸಂಗ ಇತಿಹಾಸದಲ್ಲಿ ವಿರಳ. ಬೆಣ್ಣೆ ನೀರನ್ನು ಕಟ್ಟುವುದಿಲ್ಲ, ಸಕ್ರಿಯತೆಯನ್ನು ಇಳಿಸುವುದೂ ಇಲ್ಲ. ಅದು ಮಾಡುವ ಉಪಕಾರ ಬೇರೆ. ಬ್ರೆಡ್ಡು ಗಟ್ಟಿಯಾಗುವುದು ಒಣಗಿ ಅಲ್ಲ ಎಂದು ಫ್ರಾನ್ಸಿನ ಬುಸಿಂಗೋ 1852ರಲ್ಲೇ ತೋರಿಸಿದ್ದ. ನೀರು ಆರದಂತೆ ಮುಚ್ಚಿಟ್ಟ ಬ್ರೆಡ್ಡೂ ಗಟ್ಟಿಯಾಯಿತು, ಮತ್ತೆ ಬಿಸಿ ಮಾಡಿದರೆ ಮೆದುವಾಯಿತು. ಬೇಯುವಾಗ ಸಡಿಲವಾದ ಪಿಷ್ಟದ ಸರಪಳಿಗಳು ತಣ್ಣಗಾದ ಮೇಲೆ ಮತ್ತೆ ಒತ್ತೊತ್ತಾಗಿ ಹರಳುಗಟ್ಟುವುದೇ ಇದರ ಕಾರಣ. ಜಿಡ್ಡು ಮತ್ತು ಸಕ್ಕರೆ ಇದಕ್ಕೆ ಅಡ್ಡಿಮಾಡುತ್ತವೆ. ಬೆಣ್ಣೆ ಕಾಣದ ಹಳೆಯ ಉಪವಾಸದ ರೊಟ್ಟಿ ಮೂರು ವಾರ ಮೃದುವಾಗಿ ಉಳಿದಿರಲು ಯಾವ ಕಾರಣವೂ ಇಲ್ಲ. ಇಂದಿನ ಶ್ಟೋಲೆನ್‌ನ ಒಡಲಲ್ಲಿ ಬೆಣ್ಣೆ, ರಸ ಹೀರಿದ ಒಣದ್ರಾಕ್ಷಿ, ಸಕ್ಕರೆಯಲ್ಲಿ ಹದಗೊಂಡ ಕಿತ್ತಳೆ ಸಿಪ್ಪೆ. ಮೈಮೇಲೆ ಮತ್ತೆ ಕರಗಿದ ಬೆಣ್ಣೆ, ಅದರ ಮೇಲೆ ದಪ್ಪನೆಯ ಪುಡಿಸಕ್ಕರೆ. ಈ ಹೊದಿಕೆ ಒಳಗಿನ ತೇವ ಆರದಂತೆ ಕಾಯುತ್ತದೆ. ಹೊರಗಿನಿಂದ ಬಂದು ಕೂತ ಬೂಷ್ಟಿನ ಬೀಜಕಣಕ್ಕೆ ಮೊದಲು ಎದುರಾಗುವುದೂ ನೀರಿಲ್ಲದ ಸಕ್ಕರೆಯೇ.

ನೀರಿನ ಸಕ್ರಿಯತೆ ಕಡಿಮೆಯಿದ್ದರೆ ತಿಂಡಿ ಒಣದಾಗಿರುತ್ತದೆ ಎಂಬ ಗ್ರಹಿಕೆಯೂ ಪೂರ್ತಿ ಸರಿಯಲ್ಲ. ತಿಂಡಿ ಸುತ್ತಲಿನ ಗಾಳಿಯೊಡನೆ ಸದಾ ಕೊಡುಕೊಳ್ಳುವಿಕೆಯಲ್ಲಿರುತ್ತದೆ. ಸಕ್ರಿಯತೆ 0.30 ಇರುವ ಚಕ್ಕುಲಿಯನ್ನು ಶೇ 80 ಆರ್ದ್ರತೆಯ ಗಾಳಿಗೆ ತೆರೆದಿಟ್ಟರೆ ಅದು ನೀರು ಹೀರುತ್ತದೆ, 0.4–0.5 ದಾಟುತ್ತಿದ್ದಂತೆ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಗೋಕುಲಾಷ್ಟಮಿ ಬರುವುದು ಶ್ರಾವಣದ ಮಳೆಯಲ್ಲಿ. ಕೃಷ್ಣನಿಗೆಂದು ಮಾಡಿದ ಚಕ್ಕುಲಿ, ಕೋಡುಬಳೆಗಳ ಡಬ್ಬಿ ಮುಚ್ಚಳ ಬಿಗಿಯಿಲ್ಲದಿದ್ದರೆ ಎರಡನೆಯ ದಿನಕ್ಕೇ ಕಥೆ ಮುಗಿಯಿತು. ನ್ಯೂರೆಂಬರ್ಗಿನ ಲೇಬ್‌ಕೂಖೆನ್ ಎಂಬ ಜೇನಿನ ಮಸಾಲೆ ಬಿಸ್ಕತ್ತಿನ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು. ಸಾಂಪ್ರದಾಯಿಕ ಬಗೆಯದು ಒಲೆಯಿಂದ ಬಂದಾಗ ಹಲ್ಲಿಗೆ ಸವಾಲು. ಅದನ್ನು ಡಬ್ಬಿಯೊಳಗೆ ಒಂದು ಹೋಳು ಸೇಬಿನ ಜೊತೆ ಇಡುತ್ತಾರೆ. ಜೇನಿನ ಫ್ರಕ್ಟೋಸ್ ಸೇಬು ಬಿಟ್ಟುಕೊಟ್ಟ ತೇವವನ್ನು ನಿಧಾನಕ್ಕೆ ಎಳೆದುಕೊಂಡು ಕೆಲವು ದಿನಗಳಲ್ಲಿ ಬಿಸ್ಕತ್ತನ್ನು ಮೆದು ಮಾಡುತ್ತದೆ. ಸೇಬಿನ ಹೋಳನ್ನು ಮಾತ್ರ ಆಗಾಗ ಬದಲಿಸಬೇಕು, ಅದರ ಸಕ್ರಿಯತೆ 0.98, ಬೂಷ್ಟು ಮೊದಲು ಹಿಡಿಯುವುದು ಅದನ್ನೇ. ಕಾಯುವಿಕೆಯಿಂದ ಚಕ್ಕುಲಿ ಕಳೆದುಕೊಳ್ಳುತ್ತದೆ, ಲೇಬ್‌ಕೂಖೆನ್ ಗಳಿಸುತ್ತದೆ.

ಈಗ ಕೈಗಳ ವಿಚಾರಕ್ಕೆ ಬರೋಣ. ಕಿಡಿಯೊ ಎಂದರೆ ಹೆಬ್ಬೆರಳಿನಷ್ಟು ಹಿಟ್ಟಿನ ತುಣುಕನ್ನು ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವ ತಿಂಡಿ. ನೆವ್ರಿಯಲ್ಲಿ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿಯ ಹೂರಣ ತುಂಬಿ ಅಂಚನ್ನು ಒಂದೊಂದಾಗಿ ಮಡಿಸಬೇಕು. ನೂರಾರು ಬಿಡಿ ತುಣುಕುಗಳು, ಪ್ರತಿಯೊಂದಕ್ಕೂ ಬೆರಳಿನ ಕೆಲಸ. ಒಬ್ಬರೇ ಕೂತರೆ ದಿನಗಟ್ಟಲೆ ಬೇಕು, ಹತ್ತು ಜನ ಕೂತರೆ ಸಂಜೆಯೊಳಗೆ ಮುಗಿದೀತು. ಮಕ್ಕಳ ಸುರುಳಿ ಸೊಟ್ಟಗಾದರೂ ರುಚಿ ಕೆಡುವುದಿಲ್ಲ. ಪಾಯಸದ ಕೆಲಸ ಹಾಗಲ್ಲ: ಒಂದು ಪಾತ್ರೆ, ಒಂದು ಸೌಟು, ತಳ ಹಿಡಿಯದಂತೆ ನೋಡುವ ಒಬ್ಬರು. ಹತ್ತು ಜನ ಸೇರಿದರೆ ಅಡ್ಡಿಯೇ ಹೆಚ್ಚು. ಹಂಚಿಕೊಳ್ಳಬಹುದಾದ ಕೆಲಸ ಹಬ್ಬದ ಬೆಳಗ್ಗೆಯೇ ಬಂದರೆ ಅದನ್ನು ಹಂಚಿಕೊಳ್ಳಲು ಯಾರಿಗೂ ಬಿಡುವಿರದು. ಅದು ಎರಡು ವಾರ ಹಿಂದಕ್ಕೆ ಸರಿಯಬೇಕು, ಹಾಗೆ ಸರಿಯಬೇಕಾದರೆ ತಿಂಡಿ ಎರಡು ವಾರ ಬಾಳಬೇಕು. ಇಂಗ್ಲೆಂಡಿನಲ್ಲಿ ಪುಡಿಂಗಿನ ಹಿಟ್ಟು ಕಲಸುವ ಭಾನುವಾರ ಮನೆಮಂದಿಯೆಲ್ಲ ಸರದಿಯಂತೆ ಸೌಟು ಹಿಡಿದು ಮನಸ್ಸಿನಲ್ಲೊಂದು ಆಸೆ ಅಂದುಕೊಳ್ಳುವ ರೂಢಿಯಿದೆ. ಕಡಕ್ ರೊಟ್ಟಿ ಬಡಿಯುವಾಗ ಓಣಿಯ ಹೆಂಗಸರು ಒಂದೆಡೆ ಸೇರುವುದು ನಮ್ಮಲ್ಲಿದೆ. ಹೀಗೆ ಜನ ಕೂಡುವುದು ತಿಂಡಿ ಬಾಳಿಕೆ ಬರುವ ಕಡೆಯಲ್ಲೇ ಹೆಚ್ಚು. ಜನ ಸೇರುವ ಆಸೆಯೇ ಮೊದಲಿತ್ತು, ಅದಕ್ಕೆ ತಕ್ಕ ತಿಂಡಿಯನ್ನು ಆರಿಸಿಕೊಂಡರು ಎಂದು ಯಾರಾದರೂ ತಿರುಗಿ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆರಿಸಿಕೊಳ್ಳಲು ಸಾಧ್ಯವಿದ್ದ ತಿಂಡಿಗಳ ಪಟ್ಟಿಯನ್ನು ನೀರೇ ಬರೆದಿತ್ತು ಎಂದಷ್ಟೇ ನನ್ನ ಮಾತು.

ಕೇಕನ್ನು ಕಾಪಾಡುವುದು ರಮ್ಮು, ಸಕ್ಕರೆಯಲ್ಲ ಎನ್ನುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಲೆಕ್ಕ ಹಾಕೋಣ. ಒಂದು ಕಿಲೋ ಕೇಕಿಗೆ 60 ಮಿಲಿ ರಮ್ ಚಿಮುಕಿಸಿದರೆ ಅದರೊಳಗಿನ ಆಲ್ಕೋಹಾಲು ಸುಮಾರು 25 ಮಿಲಿ, ಕೇಕಿನ ತೂಕದಲ್ಲಿ ಶೇ 2. ಕೊಂಚವೇ ಎನಿಸಿದರೂ ಇದು ವ್ಯರ್ಥವಲ್ಲ. ಮೇಲ್ಮೈಯಿಂದ ಏಳುವ ಆಲ್ಕೋಹಾಲಿನ ಆವಿ ಬೂಷ್ಟನ್ನು ತಡೆಯುತ್ತದೆ. ಜಪಾನಿನಲ್ಲಿ ಬೇಕರಿ ತಿನಿಸುಗಳ ಪೊಟ್ಟಣದೊಳಗೆ ಇದೇ ಕಾರಣಕ್ಕೆ ಆಲ್ಕೋಹಾಲ್ ಆವಿ ಬಿಡುವ ಚಿಕ್ಕ ಚೀಟಿಗಳನ್ನು ಇಡುತ್ತಾರೆ. ಆದರೂ ರಮ್ಮಿನ ಪಾತ್ರ ಸಹಾಯಕನದು. ಹನಿ ಮದ್ಯವೂ ಇಲ್ಲದ ನೆವ್ರಿ, ಶೇಂಗಾ ಹೋಳಿಗೆ, ಲೇಬ್‌ಕೂಖೆನ್ ವಾರಗಟ್ಟಲೆ ಉಳಿಯುತ್ತವೆ. ಹಣ್ಣಿಲ್ಲದ ಮೆತ್ತನೆಯ ಸ್ಪಂಜು ಕೇಕಿಗೆ ರಮ್ಮು ಚಿಮುಕಿಸಿದರೆ ಹೆಚ್ಚೆಂದರೆ ಕೆಲವು ದಿನ ದಕ್ಕೀತು. ಇನ್ನು ಓವನ್ನಿನ ಬಿಸಿಗೇ ಎಲ್ಲ ಸತ್ತುಹೋಗುವುದಿಲ್ಲವೇ ಎಂಬ ಪ್ರಶ್ನೆ. ಒಲೆ 170 ಡಿಗ್ರಿ ಇದ್ದರೂ ನೀರಿರುವವರೆಗೆ ಕೇಕಿನ ಒಡಲು 100 ಡಿಗ್ರಿ ದಾಟದು. ಬೂಷ್ಟಿನ ಬೀಜಕಣಗಳು ಇಷ್ಟಕ್ಕೆ ಸಾಯುತ್ತವೆ ನಿಜ. ಆದರೆ ಬ್ಯಾಸಿಲಸ್ ಜಾತಿಯ ಗಟ್ಟಿ ಬೀಜಕಣಗಳು ಉಳಿದುಕೊಂಡು, ಸೆಕೆಯ ದಿನಗಳಲ್ಲಿ ಬ್ರೆಡ್ಡಿನ ಒಳಭಾಗವನ್ನು ನೂಲೆಳೆಯುವ ಲೋಳೆ ಮಾಡಬಲ್ಲವು. ಕೇಕಿನ ಮೇಲಿನ ಬೂಷ್ಟು ಒಲೆಯಿಂದ ಇಳಿಸಿದ ಮೇಲೆ ಗಾಳಿಯಿಂದ ಬಂದದ್ದು. ಬಿಸಿ ಆರುವ ಮೊದಲೇ ಕೇಕನ್ನು ಸುತ್ತಿಟ್ಟರೆ ಆವಿ ಹನಿಗಟ್ಟಿ, ಒಳಗೆ 0.80 ಇದ್ದರೂ ಮೇಲ್ಮೈಯಲ್ಲಿ ಸಕ್ರಿಯತೆ 1 ಆಗಿಬಿಡುತ್ತದೆ. ವಾರಗಳ ಎಣಿಕೆಯೆಲ್ಲ ಅಲ್ಲಿಗೆ ಕೆಡುತ್ತದೆ.

ಅಂಟಾರ್ಕ್ಟಿಕಾದ ಕೇಪ್ ಅಡೇರ್‌ನ ಗುಡಿಸಲೊಂದರಲ್ಲಿ 2017ರಲ್ಲಿ ಒಂದು ಹಣ್ಣಿನ ಕೇಕು ಸಿಕ್ಕಿತು. 1910ರಲ್ಲಿ ಹೊರಟ ಧ್ರುವಾನ್ವೇಷಕ ಕ್ಯಾಪ್ಟನ್ ಸ್ಕಾಟ್‌ನ ಯಾತ್ರೆಯದು. ತಗಡಿನ ಡಬ್ಬಿ ತುಕ್ಕು ಹಿಡಿದಿತ್ತು, ಒಳಗಿನ ಕೇಕು ನೋಡಲು ಚೆನ್ನಾಗಿಯೇ ಇತ್ತು. ಅಲ್ಲಿನ ಚಳಿಯ ಕಾರಣದಿಂದ ಇದನ್ನು ನೀರಿನ ಗೆಲುವೆಂದು ಪೂರ್ತಿ ಒಪ್ಪಲಾಗದು. ಅಮೆರಿಕದ ಮಿಷಿಗನ್ನಿನಲ್ಲಿ ಒಂದು ಕುಟುಂಬ 1878ರಲ್ಲಿ ಬೇಯಿಸಿದ ಕೇಕನ್ನು ಮನೆಯಲ್ಲೇ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವುದು ಇದಕ್ಕಿಂತ ಬಲವಾದ ಸಾಕ್ಷಿ. ಅಂಟಾರ್ಕ್ಟಿಕಾದ ಕೇಕಿನ ವರದಿಯಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆಯೇ ವಿವರ: ಹತ್ತಿರ ಮೂಸಿದಾಗ ಸಣ್ಣಗೆ ಕಮಟು ಬೆಣ್ಣೆಯ ವಾಸನೆ ಇತ್ತಂತೆ. ಜೀವಿಗಳು ಸೋತರೂ ಆಮ್ಲಜನಕ ಸೋಲುವುದಿಲ್ಲ. ನೀರು ಕಡಿಮೆಯಾದಂತೆ ಸೂಕ್ಷ್ಮಜೀವಿಗಳ ಕಾಟ ತಪ್ಪುತ್ತದೆ, ಆದರೆ ತೀರಾ ಒಣಗಿದರೆ, ಸಕ್ರಿಯತೆ 0.2ಕ್ಕಿಂತ ಇಳಿದರೆ, ಜಿಡ್ಡು ಕಮಟಾಗುವ ವೇಗ ಮತ್ತೆ ಏರುತ್ತದೆ ಎಂದು ಮಿನೆಸೋಟಾ ವಿಶ್ವವಿದ್ಯಾಲಯದ ಥಿಯೊಡೋರ್ ಲಬೂಜಾ ನಕ್ಷೆ ಬರೆದು ತೋರಿಸಿದ್ದಾರೆ. ಕರಾವಳಿಯ ತಿಂಡಿಗಳಿಗೆ ಸುಲಭಕ್ಕೆ ಕಮಟಾಗದ ತೆಂಗಿನೆಣ್ಣೆ ಒದಗಿಬಂದದ್ದು ಒಂದು ಅದೃಷ್ಟ. ಮತ್ತೊಂದು ಎಚ್ಚರ: ಒಣ ಪದಾರ್ಥದಲ್ಲಿ ರೋಗಾಣು ಬೆಳೆಯುವುದಿಲ್ಲ ಎಂದರೆ ಸತ್ತಿದೆ ಎಂದಲ್ಲ. 2016ರಲ್ಲಿ ಅಮೆರಿಕದಲ್ಲಿ ಹಸಿ ಮೈದಾದಿಂದಲೇ ಇ. ಕೋಲಿ ಸೋಂಕು ಹರಡಿತ್ತು. ಕೇಕಿನ ಹಸಿ ಹಿಟ್ಟನ್ನು ಬೆರಳಲ್ಲಿ ನೆಕ್ಕುವ ಮಕ್ಕಳನ್ನು ತಡೆಯಲು ಹಸಿಮೊಟ್ಟೆಯ ಜೊತೆಗೆ ಇದೂ ಒಂದು ಕಾರಣ.

ಮನೆಯಲ್ಲಿ ಫ್ರಿಜ್ ಇರುವಾಗ ಈ ಲೆಕ್ಕಾಚಾರವೆಲ್ಲ ಯಾಕೆ ಎನ್ನಬಹುದು. ಬ್ರೆಡ್ಡಿನಂಥ ತಿನಿಸಿನ ಪಿಷ್ಟ ಅತಿ ಬೇಗ ಹರಳುಗಟ್ಟುವುದು ಫ್ರಿಜ್ಜಿನ ಉಷ್ಣತೆಯ ಆಸುಪಾಸಿನಲ್ಲೇ, ಅಲ್ಲಿ ಬೂಷ್ಟು ತಡವಾದರೂ ಗಟ್ಟಿಯಾಗುವುದು ಬೇಗ. ಚಕ್ಕುಲಿಗಂತೂ ಫ್ರಿಜ್ಜಿನ ತೇವ ಶತ್ರು. ಹಬ್ಬದ ಡಬ್ಬಿಗಳು ನೆರೆಮನೆಗೆ, ಬೆಂಗಳೂರಿಗೆ, ದುಬೈಗೆ ಹೊರಟಾಗ ಜೊತೆಗೆ ಫ್ರಿಜ್ಜನ್ನು ಕಳಿಸುವಂತಿಲ್ಲ. ಲೆಕ್ಕ ಈಗ ಹೆಚ್ಚು ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಆರೋಗ್ಯದ ದೃಷ್ಟಿಯಿಂದ ಹಬ್ಬದ ತಿಂಡಿಯ ಸಕ್ಕರೆ ಇಳಿಸುವವರು ಹೆಚ್ಚುತ್ತಿದ್ದಾರೆ. ಇಳಿಸುವುದು ಒಳ್ಳೆಯದೇ. ಆದರೆ ಅರ್ಧ ಸಕ್ಕರೆ ತೆಗೆದರೆ ಅರ್ಧ ಸಿಹಿಯ ಜೊತೆಗೆ ನೀರನ್ನು ಕಟ್ಟಿಹಾಕುತ್ತಿದ್ದ ಅರ್ಧ ಕಣಗಳೂ ಹೋದವು. ಸ್ಟೀವಿಯಾ, ಸುಕ್ರಲೋಸ್‌ಗಳು ಚಿಟಿಕೆಯಲ್ಲಿ ಸಿಹಿ ಕೊಡುತ್ತವೆ. ಚಿಟಿಕೆಯಷ್ಟು ಕಣಗಳಿಂದ ನೀರು ಕಟ್ಟಿಹೋಗುವುದಿಲ್ಲ. ಕಾರ್ಖಾನೆಗಳು ಇದನ್ನು ಅರಿತೇ ಸಾರ್ಬಿಟಾಲ್, ಗ್ಲಿಸರಿನ್ ಬೆರೆಸುತ್ತವೆ, ಮನೆಯ ಅಡುಗೆಯವರು ಬೆರೆಸುವುದಿಲ್ಲ. ಸಕ್ಕರೆ ತುಂಬಿದ, ಒಣಹಣ್ಣಿನ ಸಾಂದ್ರ ಕೇಕನ್ನು ಮೂರು ವಾರ ಮೊದಲು ಬೇಯಿಸಿ, ಪೂರ್ತಿ ಆರಿಸಿ, ಸುತ್ತಿ ಡಬ್ಬಿಯಲ್ಲಿಡಿ. ಸಕ್ಕರೆ ಇಳಿಸಿದ ಕೇಕನ್ನು ಹಬ್ಬದ ಹಿಂದಿನ ದಿನ ಬೇಯಿಸಿ, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ. ಯಾರಿಗಾದರೂ ಕಟ್ಟಿಕೊಡುವುದಾದರೆ ಅದು ಎರಡು ದಿನದೊಳಗೆ ತಿನ್ನಬೇಕಾದ ಕೇಕೆಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಹಬ್ಬದ ಕೇಕು ಕೆಡುವುದಿಲ್ಲ ಎಂಬ ಹಳೆಯ ನಂಬಿಕೆಯಲ್ಲಿ ಅವರು ಅದನ್ನು ಹೊಸ ವರ್ಷದವರೆಗೂ ಕಪಾಟಿನಲ್ಲಿ ಇಟ್ಟಿರುತ್ತಾರೆ.